ಆಸಿಡ್ ಕ್ರೀಮಿನ ಶಿವಕಾಂತಾಬಾಯಿ

ಐವತ್ತೈದು ದಾಟಿದ ಮೇಲೆ ಆಳಂದದ ಶಿವಕಾಂತಾಬಾಯಿಯ ಮುಖದ ತುಂಬ ಕಂದು ಕಲೆಗಳು ಮೂಡಿದವು. ಗುಲಬರ್ಗಾದ ಡಾಕ್ಟರು ಅದಕ್ಕೊಂದು ಆಸಿಡ್ ಕ್ರೀಮು ಬರೆದುಕೊಟ್ಟಂದಿನಿಂದ ಓಣಿಯಲ್ಲೆಲ್ಲ ಆಕೆಯದೇ ಸುದ್ದಿ. “ಅಕ್ಕಾರ, ಆಸಿಡ್ ಬ್ಯಾಟರಿಗೆ ಹಾಕ್ತಾರ್ರಿ!” ಎಂದು ಪಕ್ಕದ ಮನೆಯ ಪ್ಯಾರಿಬಿ ಗಾಬರಿಯಾದರೆ, “ಇದು ಕಬ್ಬಿನೊಳಗಿನ ಹುಳಿ ಅದ ಬೇ, ಡಾಕ್ಟರೇ ಹೇಳ್ಯಾರ” ಎಂದು ಈಕೆ ಬೀಗುವಳು. ಮಲಗುವ ಮುಂಚೆ ಬಟಾಣಿಯಷ್ಟು ಕ್ರೀಮು ಹಚ್ಚಿ, ಚುರುಚುರು ಎಂದರೆ ಬೀಸಣಿಗೆ ಬೀಸಿಕೊಳ್ಳುವಳು. ಬಿಸಿಲು ತಾಗಬಾರದೆಂದು ಛತ್ರಿ ಹಿಡಿದೇ ನಳದ ನೀರಿಗೆ ಹೋಗುವಳು, ಛತ್ರಿ ಹಿಡಿದೇ ಸಂಡಿಗೆ ಒಣಹಾಕುವಳು. ಮೋಡ ಕವಿದರೂ ಸೂರ್ಯನನ್ನು ನಂಬಳು. ಎದುರು ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: “ಮಾರಿ ಮ್ಯಾಲಿನ ಕಲಿ ಹೋಗ್ಯಾವಿಲ್ರಿ?” ನಿಜ ಹೇಳಬೇಕೆಂದರೆ, ಆರು ತಿಂಗಳಾದರೂ ಕಲೆಗಳು ತುಸು ತಿಳಿಯಾಗಿದ್ದವು, ಅಷ್ಟೆ. ಗಂಡ ಬಸವಂತರಾಯ ಪೇಪರಿನಿಂದ ತಲೆಯೆತ್ತದೆಯೇ “ಹೋಗ್ಯಾವ, ಹೋಗ್ಯಾವ” ಎನ್ನುವನು. ಆ ಮಾತನ್ನು ಆಕೆ ಲೆಕ್ಕಕ್ಕೇ ಹಿಡಿಯಳು. ಮನೆಯಲ್ಲಿ ಕ್ರೀಮಿನ ಸುದ್ದಿ ತಿಳಿಯದವರೆಂದರೆ ವಯಸ್ಸಾದ ಅತ್ತೆಯೊಬ್ಬರೇ. ಅವರಿಗೆ ಕಣ್ಣು ಹೋಗಿ ಎಷ್ಟೋ ವರ್ಷಗಳಾಗಿದ್ದವು, ಕಿವಿಯೂ ಮಂದವಾಗಿತ್ತು. ಯುಗಾದಿಯ ಬೆಳಿಗ್ಗೆ ಕಾಲಿಗೆರಗಿದ ಸೊಸೆಯ ಗಲ್ಲ ಸವರಿದ ಮುದುಕಿಯ ಕೈ ಅಲ್ಲೇ ನಿಂತಿತು. ಮತ್ತೊಮ್ಮೆ ಸವರಿತು. “ಏನ್ ಬೇ ಶಿವಕಾಂತಾ, ಲಗ್ನಾಗಿ ಬಂದಾಗ ಇದ್ದಂಗ ನುಣ್ಣಗ ಆಗೇದಲ್ಲ ನಿನ್ನ ಗಲ್ಲ!” ಶಿವಕಾಂತಾಬಾಯಿ ಹುಡುಗಿಯಂತೆ ನಕ್ಕಳು, ಒಲೆಯ ಮೇಲಿನ ಹೂರಣವನ್ನೂ ಮರೆತು, ಆ ಕೈಯನ್ನು ತೆಗೆಯಗೊಡದೆ ಬಹಳ ಹೊತ್ತು ಅಲ್ಲೇ ಕುಳಿತಳು.