ಗಂಗಕ್ಕನಿಗೆ ಹೊದಿಸಿದ ಶಾಲು

ಬಿಸಿಲಿಗೆ ಹರವಿದ ಹಳೆಯ ಕಂಬಳಿಯಿಂದ ಏಳುವ ಕುರಿಯುಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಬಳ್ಳಿಗಾವಿಯ ಹತ್ತಿರ ನಮಗಿದ್ದ ಮಣ್ಣಿನ ಮನೆ, ಪಕ್ಕದ ಕುರಿಹಟ್ಟಿ, ಜಗಲಿಯಲ್ಲಿ ಉಣ್ಣೆ ನೂಲುತ್ತ ಕೂತ ಅಜ್ಜಿ, ಎಲ್ಲ ಕಣ್ಣ ಮುಂದೆ ಬರುತ್ತವೆ. ಆ ಮನೆ ಈಗಿಲ್ಲ, ಅಲ್ಲಿ ಯಾರದೋ ಮೆಕ್ಕೆಜೋಳದ ಗೋದಾಮು ನಿಂತಿದೆ. ಹೋದ ವರ್ಷ ಅಕ್ಕ ಗಂಗಕ್ಕ ತೀರಿಕೊಂಡ ಮೇಲೆ ಮನೆಯ ಕಂಬಳಿ ನನ್ನ ಪಾಲಿಗೆ ಬಂತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದಿರಬಹುದು. ನಮ್ಮವರಲ್ಲಿ ಕಂಬಳಿಗೆ ಮೈಲಿಗೆಯೇ ಇಲ್ಲ. ದೇವರ ಕೆಲಸಕ್ಕೂ ಅದನ್ನೇ ಹಾಸುತ್ತಿದ್ದರು, ಬಾಣಂತಿಗೂ ಅದನ್ನೇ ಹೊದಿಸುತ್ತಿದ್ದರು.

ನಾನಾಗ ಎರಡನೇ ಕ್ಲಾಸು, ಗಂಗಕ್ಕ ಏಳನೇ ಕ್ಲಾಸು. ಒಂದು ದಿನ ಶಾಲೆಗೆ ರಜೆ ಕೊಟ್ಟು, ಅಲ್ಲೇ ಹೆಂಗಸರಿಗೆ ಮಕ್ಕಳಾಗದ ಆಪರೇಷನ್ ಕ್ಯಾಂಪು ನಡೆಸಿದರು. ಗಂಡಸರಿಗೂ ಆಪರೇಷನ್ ಇದೆ, ಅದು ಇನ್ನೂ ಸುಲಭ ಎಂದು ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ ಅನ್ನಿ. ಅವ್ವ ಹೋದಳು. ಸಂಜೆ ಅಜ್ಜಿಯ ಹಿಂದೆ ನಾವೂ ಹೋದೆವು. ನಾನು ಮಗ್ಗಿ ಹೇಳುತ್ತಿದ್ದ ಕೋಣೆಯಲ್ಲಿ ಹೆಂಗಸರನ್ನು ಬರಿ ನೆಲದ ಮೇಲೆ ಸಾಲಾಗಿ ಮಲಗಿಸಿದ್ದರು. ಅವ್ವ ಗಡಗಡ ನಡುಗುತ್ತಿದ್ದಳು. ಅಜ್ಜಿ ಬಗಲಲ್ಲಿದ್ದ ಕಂಬಳಿ ಬಿಚ್ಚಿದಳು.

"ಏ ಅಜ್ಜಿ, ಅದನ್ನ ಆಚೆ ತಗಂಡು ಹೋಗು, ಗಲೀಜು!" ಎಂದಳು ನರ್ಸು.

"ಕಂಬ್ಳಿಗೆ ಮೈಲಿಗೆ ಇಲ್ರೀ ನರ್ಸಮ್ಮಾ. ನೆಲ ಭಾಳ ಥಂಡಿ ಐತ್ರೀ," ಅಜ್ಜಿ ಕೈಮುಗಿದಳು.

ನರ್ಸು ಒಪ್ಪಲಿಲ್ಲ. ಉಣ್ಣೆಯಲ್ಲಿ ಧೂಳಿರುತ್ತದೆ, ಆಕೆ ಹೇಳಿದ್ದು ಸರಿಯೇ ಇರಬಹುದು. ಹಾಗಾದರೆ ಒಂದು ಚಾದರವನ್ನಾದರೂ ತರಬೇಕಿತ್ತಲ್ಲ? ಶಾಲೆಯ ಗೋಡೆಗೆ ಚಿಕ್ಕ ಸಂಸಾರದ ಚಿತ್ರ ಬರೆಸಲು ಸರ್ಕಾರದ ಹತ್ತಿರ ಬಣ್ಣವಿತ್ತು, ಕೊಯ್ಯಿಸಿಕೊಂಡ ಹೆಂಗಸಿನ ಬೆನ್ನಡಿಗೆ ಹಾಸಲು ಒಂದು ಬಟ್ಟೆ ಇರಲಿಲ್ಲ. ಇಷ್ಟು ವರ್ಷವಾದರೂ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವ್ವನ ಹೊಲಿಗೆ ಕೀವುಗಟ್ಟಿತು. ಕ್ಯಾಂಪಿನವರು ಮತ್ತೆ ಈ ಕಡೆ ತಲೆಹಾಕಲಿಲ್ಲ. ಗಾಯ ಹೇಗೋ ಮಾಯಿತು, ಆದರೆ ಭಾರ ಎತ್ತಿದರೆ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಹಟ್ಟಿಯ ಗೊಬ್ಬರ ಹೊರುವುದು ನಮ್ಮಲ್ಲಿ ಹೆಂಗಸರ ಕೆಲಸ. ಅಪ್ಪ ಬುಟ್ಟಿ ಮುಟ್ಟುವವನಲ್ಲ. ಬುಟ್ಟಿ ಗಂಗಕ್ಕನ ತಲೆಗೆ ಬಂತು. "ನೀ ಹೋಗಿರು, ನಾ ಆಮ್ಯಾಲೆ ಬರ್ತೀನಿ," ಎಂದು ನನ್ನನ್ನು ಶಾಲೆಗೆ ಕಳಿಸಿದಳು. ಯಾಕೆ ಬರಲಿಲ್ಲವೆಂದು ಶಾಲೆಯವರೂ ಕೇಳಲಿಲ್ಲ. ನಾನು ಓದಿ ಟೀಚರಾದೆ.

ಗಂಗಕ್ಕ ಶಾಲೆಗೆ ಬಂದದ್ದು ಬಿಸಿಯೂಟ ಶುರುವಾದ ಮೇಲೆ, ಅಡುಗೆಯವಳಾಗಿ. ಅವ್ವ ಮಲಗಿದ್ದ ಕೋಣೆಯೇ ಅಡುಗೆಮನೆಯಾಗಿತ್ತು. ಸಾರು ಕುದಿಯುವಷ್ಟು ಹೊತ್ತು ಕಿಟಕಿಯ ಹತ್ತಿರ ನಿಂತು ಪಾಠ ಕೇಳುತ್ತಿದ್ದಳಂತೆ. ಅವಳಿಗೆ ಕೊಡುವುದನ್ನು ಸಂಬಳ ಅನ್ನಬಾರದು, ಗೌರವಧನ ಅನ್ನಬೇಕು! ಊರಿನ ಮಕ್ಕಳಿಗೆಲ್ಲ ಬೇಯಿಸಿ ಬಡಿಸಿದರೂ ಹೆಂಗಸು ಮಾಡಿದ್ದು ಸೇವೆ, ಕೆಲಸವಲ್ಲ. ವಯಸ್ಸಾಯಿತೆಂದು ಕಳಿಸುವಾಗ ಪಿಂಚಣಿಯ ಮಾತೇ ಇಲ್ಲ. ವೇದಿಕೆಗೆ ಕರೆದು ಶಾಲು ಹೊದಿಸಿದರು. ಎರಡು ಮಾತಾಡಿ ಅಂದರು.

ಗಂಗಕ್ಕ ಶಾಲನ್ನು ಹೆಗಲಿನಿಂದ ತೆಗೆದು, ನೀಟಾಗಿ ಮಡಚಿ ಮೇಜಿನ ಮೇಲಿಟ್ಟಳು.

"ಹೊದಿಯಾಕೆ ನಮ್ಮನ್ಯಾಗೆ ಕಂಬ್ಳಿ ಐತ್ರೀ. ಇದನ್ನ ಅವತ್ತು ನಮ್ಮವ್ವಗೆ ಹಾಸ್ಬೇಕಿತ್ತು."