ಕಾದು ನಿಂತವಳು ಸತ್ತಿಲ್ಲ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಕುರ್ಚಿಗಳೆಲ್ಲ ಖಾಲಿ, ಕಿಟಕಿ ಪಕ್ಕದ ಒಂದನ್ನು ಬಿಟ್ಟು. ಅದರಲ್ಲಿ ಐವತ್ತಮೂರು ವರ್ಷದ ಹೆಂಗಸೊಬ್ಬರು ಚಪ್ಪಲಿ ಕಳಚಿ, ಕಾಲು ಮಡಚಿ ಕೂತು ವಿಡಿಯೋ ಗೇಮ್ ಆಡುತ್ತಿದ್ದಾರೆ. ಪರದೆಯ ಮೇಲೆ ಮುದಿ ಸಿಪಾಯಿಯೊಬ್ಬ ಎಡಗಾಲು ಎಳೆಯುತ್ತ ಬರುತ್ತಾನೆ. "ಸದ್ಯ, ಕುಂಟು ಬಂತು," ಎಂದು ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. "ಹಿಂದಿನ ಭಾಗದಲ್ಲಿ ನಮ್ಮನ್ನ ಉಳಿಸೋಕೆ ಹೋಗಿ ಏಟು ತಿಂದೋನು ಇವನು. ಈಗ ನೆಟ್ಟಗೆ ನಡೆದ್ರೆ ನಾವು ಉಪಕಾರ ಮರೆತಂಗಲ್ವಾ?"

ಕಚೇರಿಯವರಿಗೆ ಇವರು ರೆಕಾರ್ಡಕ್ಕ. ಎರಡು ಭಾಗ ಬಂದು ಹೋಗಿರುವ ಆಟದ ಮೂರನೇ ಭಾಗ ಇಲ್ಲಿ ತಯಾರಾಗುತ್ತಿದೆ. ಆಡುವವರ ಜೊತೆ ಅಲೆಯುವ ಸಂಗಾತಿಗಳು ಒಂಬತ್ತು ಮಂದಿ. ನೀವು ಯಾರನ್ನು ಉಳಿಸಿದಿರಿ, ಯಾರ ಜೊತೆ ಮಾತು ಬಿಟ್ಟಿರಿ ಎಂಬುದೆಲ್ಲ ನಿಮ್ಮ ಹಳೇ ಆಟದ ಫೈಲಿನಲ್ಲಿ ಉಳಿದಿರುತ್ತದೆ. ಆ ಫೈಲನ್ನು ಹೊಸ ಭಾಗಕ್ಕೆ ಹಾಕಿದರೆ ಸಂಗಾತಿಗಳು ಹಳೆಯದನ್ನೆಲ್ಲ ನೆನಪಿಟ್ಟುಕೊಂಡೇ ಬರಬೇಕು. ಬಂದರೋ ಇಲ್ಲವೋ ಎಂದು ನೋಡುವುದೇ ಅಕ್ಕನ ಕೆಲಸ. ದಿನಕ್ಕೆ ಹದಿನೆಂಟು ಫೈಲು, ಒಂದೊಂದರಲ್ಲೂ ನಲವತ್ತೇಳು ಸಂಗತಿ. ಎಲ್ಲ ಸರಿ ಬಂದರೆ ಇಂಥವರೊಬ್ಬರು ಇದ್ದಾರೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಆಟದ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ಕಾಫಿ ಯಂತ್ರ ರಿಪೇರಿ ಮಾಡಿದವರೂ ಇದ್ದಾರೆ, ಇವರಿಲ್ಲ.

ಇದಕ್ಕೆ ಮೊದಲು ಅಕ್ಕ ಹದಿನಾರು ವರ್ಷ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿದ್ದರು. ಕಂಪ್ಯೂಟರ್ ಬಂದು ಆ ಕೋಣೆಗೆ ಬೀಗ ಬಿತ್ತು, ಇವರು ಮನೆಗೆ ಬಂದರು. ಮಗಳ ಒತ್ತಾಯಕ್ಕೆ ಇಲ್ಲಿ ಅರ್ಜಿ ಹಾಕಿದರು. "ಮೊದಲನೇ ತಿಂಗಳು ನನ್ನ ಕೈಲಿ ನಾಯಕ ಬರೀ ಗೋಡೆಗೆ ಡಿಕ್ಕಿ ಹೊಡೀತಿದ್ದ. ಹುಡುಗರೆಲ್ಲ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ರು," ಎಂದು ತಾವೂ ನಗುತ್ತಾರೆ. ಹನ್ನೊಂದು ವರ್ಷವಾಯಿತು. ಕತ್ತು ನೋವು ಕಾಯಂ ಆಗಿದೆ, ನೌಕರಿ ಇನ್ನೂ ಆಗಿಲ್ಲ.

ಆಟ ಬಿಡುಗಡೆಗೆ ಹೊರಡಲು ಆರು ದಿನ ಇದ್ದಾಗ ಅಕ್ಕನಿಗೊಂದು ಅನುಮಾನ ಹೊಕ್ಕಿತು. ಪರೀಕ್ಷೆಗೆ ಕೊಟ್ಟ ಫೈಲುಗಳೆಲ್ಲ ಆಟ ಪೂರ್ತಿ ಮುಗಿಸಿದವರದ್ದೇ. ಅರ್ಧಕ್ಕೆ ಬಿಟ್ಟವರ ಗತಿಯೇನು? ಅಂಥದ್ದೊಂದು ಮನೆಯಲ್ಲೇ ಇತ್ತು, ಅತ್ತೆಯದು. ಮಂಡಿ ಆಪರೇಷನ್ ಆಗಿ ಮಲಗಿದ್ದಾಗ ಹೊತ್ತು ಹೋಗಲೆಂದು ಸೊಸೆ ಕಲಿಸಿದ ಆಟಕ್ಕೆ ಅತ್ತೆ ಅಂಟಿಕೊಂಡುಬಿಟ್ಟಿದ್ದರು. ಸಂಗಾತಿಗಳಲ್ಲಿ ಅವರ ಅಚ್ಚುಮೆಚ್ಚು ಬೀಗದವಳು. ಯಾವ ಬೀಗವನ್ನಾದರೂ ತೆಗೆಯುವ, ತೆಗೆಯುವಷ್ಟು ಹೊತ್ತೂ ವಟಗುಟ್ಟುವ ಹೆಂಗಸು. ಆರು ವರ್ಷದ ಹಿಂದೆ ಕಣ್ಣಿಗೆ ಪೊರೆ ಬಂದಾಗ ಅತ್ತೆ ಅವಳನ್ನು ಸೇತುವೆ ಹತ್ತಿರ "ಒಂದು ನಿಮಿಷ, ಇಲ್ಲೇ ಇರು" ಎಂದು ನಿಲ್ಲಿಸಿ ಆಟ ಮುಚ್ಚಿದವರು ಮತ್ತೆ ತೆರೆಯಲಿಲ್ಲ.

ಆ ಫೈಲನ್ನು ಹೊಸ ಭಾಗಕ್ಕೆ ಹಾಕಿದರೆ ಸೇತುವೆಯ ಬಳಿ ಕಂಡದ್ದು ಒಂದು ಸಮಾಧಿ. ಅಕ್ಕ ಪ್ರೋಗ್ರಾಮರನ್ನು ಕರೆದು ತೋರಿಸಿದರು.

"ಬದುಕಿದಾಳೆ ಅಂತ ಫೈಲಲ್ಲಿ ಎಲ್ಲೂ ಇಲ್ಲ ಅಕ್ಕ. ಆ ಕಾಲಂ ಖಾಲಿ ಇದೆ," ಎಂದ ಪ್ರೋಗ್ರಾಮರ್.

"ಸತ್ತಿದಾಳೆ ಅಂತ ಎಲ್ಲಿದೆ, ತೋರಿಸಪ್ಪ. ಆಸ್ಪತ್ರೇಲಿ ಕಾಲಂ ಖಾಲಿ ಇದ್ರೆ ನಾನು ಎದ್ದು ವಾರ್ಡಿಗೆ ಹೋಗಿ ನೋಡ್ಕೊಂಡು ಬರ್ತಿದ್ದೆ. ಖಾಲಿ ಇದೆ ಅಂತ ಯಾರನ್ನೂ ಹೂಳ್ಲಿಲ್ಲ."

ಮುಖ್ಯಸ್ಥರು ಮಾತನ್ನು ತಳ್ಳಿಹಾಕಿಬಿಟ್ಟರು. ಅರ್ಧಕ್ಕೆ ಬಿಟ್ಟವರು ಎಷ್ಟು ಜನ ಮಹಾ? ಅಕ್ಕ ಎರಡು ದಿನ ಕೂತು ಲೆಕ್ಕ ತೆಗೆದರು. ಹತ್ತರಲ್ಲಿ ಮೂವರು. ಅವರೆಲ್ಲರ ಸಂಗಾತಿಗಳೂ ಎಲ್ಲಿ ನಿಲ್ಲಿಸಿದ್ದರೋ ಅಲ್ಲೇ ಮಣ್ಣಾಗಿದ್ದರು. ಈ ನಡುವೆ ಮನೆಯಲ್ಲಿ ಅತ್ತೆ ದಿನಾ ಕೇಳುತ್ತಿದ್ದರು, "ನನ್ನ ಬೀಗದವಳು ಬಂದಳೇನೇ?" "ಇನ್ನೂ ಫೈಲ್ ತೆಗೆದಿಲ್ಲ ಅತ್ತೆ," ಎಂದು ಅಕ್ಕ ಮೂರು ದಿನ ಸುಳ್ಳು ಹೇಳಿದರು. "ನನಗೆ ಊಟ ಸೇರ್ಲಿಲ್ಲ ನೋಡಿ. ನಿಮ್ಮನ್ನೇ ನಂಬಿ ನಿಂತೋಳು ಸತ್ತೋದ್ಲು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಲೆಕ್ಕದ ಹಾಳೆ ನೋಡಿ ಮುಖ್ಯಸ್ಥರು ಮೆತ್ತಗಾದರು. ಸಮಾಧಿ ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಕಾದು ನಿಂತವರು ಎದುರಿಗೆ ಬಂದಾಗ ಏನಾದರೂ ಮಾತಾಡಬೇಕಲ್ಲ! ಕಥೆ ಬರೆಯುವಾಕೆಗೆ ತೋಚಲಿಲ್ಲ. ಅಕ್ಕ ಆ ಪ್ರಶ್ನೆಯನ್ನು ಮನೆಗೆ ಹೊತ್ತು ತಂದರು. ಅತ್ತೆ ಕ್ಷಣವೂ ಯೋಚಿಸಲಿಲ್ಲ. "ಬೈಬೇಕು. ಆರು ವರ್ಷ ನಿಲ್ಲಿಸಿದ್ರೆ ಹಲ್ಲು ಕಿರೀತಾ ಬರ್ತಾಳಾ? ಚೆನ್ನಾಗಿ ಬೈಲಿ."

ಬಿಡುಗಡೆಯ ಹಿಂದಿನ ದಿನ ವಿಶೇಷ ಅನುಮತಿ ಪಡೆದು ಅತ್ತೆಯನ್ನು ಕಚೇರಿಗೆ ಕರೆತಂದಿದ್ದಾರೆ. ಅತ್ತೆ ಕನ್ನಡಕ ಒರೆಸಿ ಗುಂಡಿ ಒತ್ತುತ್ತಾರೆ. ಸೇತುವೆ ಬರುತ್ತದೆ. ಅದರ ಮೇಲಿಂದ ಬೀಗದವಳು ಸೊಂಟಕ್ಕೆ ಕೈಯಿಟ್ಟುಕೊಂಡು ಬರುತ್ತಾಳೆ. "ಒಂದು ನಿಮಿಷ ಅಂದಿದ್ದೆ! ನಿನ್ನ ನಿಮಿಷಕ್ಕೆ ಬೆಂಕಿ ಬೀಳ! ನಿಂತೂ ನಿಂತೂ ಕಾಲು ಮರಗಟ್ಟಿತು!" ಎಂದು ಶುರುಮಾಡಿದವಳು ಉಸಿರು ತೆಗೆದುಕೊಳ್ಳದೆ ಬೈಯುತ್ತಾಳೆ.

"ತಪ್ಪಾಯ್ತಮ್ಮ, ಕಣ್ಣು ಕಾಣ್ತಿರ್ಲಿಲ್ಲ," ಎಂದು ಅತ್ತೆ ಪರದೆಗೆ ಸಮಜಾಯಿಷಿ ಕೊಡುತ್ತಾರೆ.

ಹಿಂದೆ ನಿಂತ ಪ್ರೋಗ್ರಾಮರ್ ನಗುತ್ತಾನೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಈ ಸಲವಾದರೂ ಹೆಸರುಗಳ ಪಟ್ಟಿಯಲ್ಲಿ ನೀವು ಬರಬೇಡವೇ ಎಂದು ಕೇಳಿದರೆ ಪರದೆಯತ್ತ ಕೈ ತೋರಿಸುತ್ತಾರೆ.

"ಹೆಸರು ಹಾಕಿದ್ರೆ ಬೇಡ ಅನ್ನಲ್ಲ. ಆದ್ರೆ ಕೇಳಿಸ್ಕೊಳ್ಳಿ, ಇನ್ನೂ ಬೈತಾನೇ ಇದಾಳೆ. ಬೈಯೋಕೆ ಬದುಕಿರ್ಬೇಕಲ್ವಾ?"