ಜೊಂಡಿನಲ್ಲಿ ಬೆಕ್ಕು ಹುಡುಕಲು ಹೋದ ಎಸೆನ್

ಇಲಿ ಎಂಬ ಹೆಸರಿನ ನದಿ ಸರೋವರ ಸೇರುವ ಮುಂಚೆ ಕವಲು ಕವಲಾಗಿ ಜೊಂಡಿನೊಳಗೆ ಹರಡಿಕೊಳ್ಳುವ ಕಡೆ ನಮ್ಮೂರು. ಪಕ್ಕದ ಮನೆಯ ಎಸೆನ್ ಜೊಂಡು ಕೊಯ್ದೇ ಬಾಳಿದವನು. ಮಾತು ಕಡಿಮೆ, ಕೋಪ ಜಾಸ್ತಿ. ಒಂದು ಸಲ, ಒಣಹಾಕಿದ್ದ ಮೀನು ತಿಂದಿತೆಂದು ಹೆಂಡತಿಯ ಬೂದು ಬೆಕ್ಕನ್ನು ಜೌಗಿನವರೆಗೂ ಅಟ್ಟಿಸಿಕೊಂಡು ಹೋದ. ಬೆಕ್ಕು ಮರಳಿ ಬರಲಿಲ್ಲ.

ಹೆಂಡತಿ ರೌಶಾನ್ ಅಳಲಿಲ್ಲ, ಬಯ್ಯಲಿಲ್ಲ. ಬೆಕ್ಕಿನ ಸುದ್ದಿ ತಂದವರಿಗೆ ಸುಯಿನ್ಶಿ, ಅಂದರೆ ಸುದ್ದಿಯ ಉಡುಗೊರೆ, ಕೊಡುವೆನೆಂದು ಊರಿಗೆಲ್ಲ ಸಾರಿದಳು. ಒಳ್ಳೆಯ ಸುದ್ದಿ ತಂದವರು ಬಾಗಿಲಲ್ಲಿ ನಿಂತು “ಸುಯಿನ್ಶಿ!” ಎಂದು ಕೂಗಿದರೆ ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿಲ್ಲ. ಆದರೆ ಅವಳು ಕೊಡುತ್ತಿದ್ದುದೆಲ್ಲ ಗಂಡನ ಸಾಮಾನು.

ಮೊದಲು ಬಂದವನು ಮೀನು ಹಿಡಿಯುವ ತುರಾಪ್.

“ಅತ್ತಿಗೇ, ಸುಯಿನ್ಶಿ! ಜೊಂಡಲ್ಲಿ ಬಾಲ ಕಂಡೆ!”

“ಬೂದು ಬಾಲವೇನೋ?”

“ಬಾಲ ಅಂದ್ರೆ ಬಾಲ, ಅತ್ತಿಗೆ.”

ಎಸೆನನ ಬೂಟು ಹೋಯಿತು. ಬಾಲ ನರಿಯದ್ದು. ಆಮೇಲೆ ಹೆಬ್ಬಾತು ಸಾಕುವ ಕುಲ್ಪಾಶ್ ಬಂದು, ಮಿಯಾಂವ್ ಕೇಳಿಸಿತೆಂದು ಉಣ್ಣೆ ಅಂಗಿ ಒಯ್ದಳು. ಕೂಗಿದ್ದು ಯಾವುದೋ ನೀರುಹಕ್ಕಿ. ಹೀಗೇ ಎರಡು ಮೂರು ತಿಂಗಳು ಕಳೆದು, ತುಪ್ಪಳದ ಟೋಪಿಯೂ ಹೋದ ದಿನ ಎಸೆನ್ ನಮ್ಮನೆಗೆ ಬಂದು ಕೂತ.

“ಅಕ್ಕಾ, ಅವಳಿಗೆ ನೀನಾದ್ರೂ ಹೇಳು. ಇನ್ನು ಉಳಿದಿರೋದು ಮೈಮೇಲಿರೋದೇ.”

“ಇನ್ನೊಂದು ಬಾಲ ಕಂಡ್ರೆ ಅದೂ ಹೋಗುತ್ತಪ್ಪ. ಎದ್ದು ಹುಡುಕು.”

ಹೋದ. ಹೋದದ್ದನ್ನು ಆಮೇಲೆ ಚಹಾ ಕುಡಿಯುತ್ತ ಸ್ವಲ್ಪ ಸ್ವಲ್ಪವಾಗಿ ನನಗೆ ಹೇಳಿದ. ಜೊಂಡಿನೊಳಕ್ಕೆ ಕಾಲಿಟ್ಟಿದ್ದೇ ಮರಿಗಳ ಸಮೇತ ಕಾಡುಹಂದಿ ಎದುರಾಯಿತಂತೆ. ಅದು ಹೋಗುವವರೆಗೂ ಇವನು ಮರದ ಮೇಲೆ. ಮುಂದೆ ಕಾಡುಬಾತುಗಳ ನಡುವೆ ಕುಲ್ಪಾಶಳ ಸಾಕು ಹೆಬ್ಬಾತು ಯಜಮಾನನ ಹಾಗೆ ಈಜುತ್ತಿತ್ತು. ಅದನ್ನು ಇವನೇ ಕದ್ದು ತಿಂದನೆಂದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು. “ಬಾರೋ, ಬಂದು ಸಾಕ್ಷಿ ಹೇಳೋ” ಎಂದು ಕರೆದರೆ ಅದು ಬುಸ್ ಅಂದಿತು. ತನ್ನ ನಾಯಿಯನ್ನು ತೋಳ ತಿಂದಿತೆಂದು ತುರಾಪ್ ಹಿಂದೊಮ್ಮೆ ಅತ್ತಿದ್ದ; ಆ ನಾಯಿ ಯಾರದೋ ಗುಡಿಸಲ ಮುಂದೆ ಕೊಬ್ಬಿ ಬಿದ್ದುಕೊಂಡಿತ್ತು. ಇವನನ್ನು ನೋಡಿ ಗುರುತೇ ಇಲ್ಲದಂತೆ ಮುಖ ತಿರುಗಿಸಿತಂತೆ.

ಕೊನೆಗೆ ಹಳೆಯ ಜೊಂಡಿನ ರಾಶಿಯ ಮೇಲೆ ಬೂದು ಬೆಕ್ಕು. ಪಕ್ಕದಲ್ಲಿ ಮೂರು ಮರಿ, ಉದ್ದ ಕಾಲು, ಚೂಪು ಕಿವಿ, ಕಿವಿಯ ತುದಿಯಲ್ಲಿ ಕಪ್ಪು ಕೂದಲು. ಅಪ್ಪ ಊರಿನವನಲ್ಲ ಎಂಬುದು ಕುರುಡರಿಗೂ ತಿಳಿಯುವಂತಿತ್ತು.

ಸಂಜೆ ಎಸೆನ್ ಕೋಟಿನಲ್ಲಿ ಗಂಟು ಕಟ್ಟಿಕೊಂಡು, ಮುಖವೆಲ್ಲ ಪರಚಿಸಿಕೊಂಡು, ತನ್ನ ಮನೆಯ ಬಾಗಿಲಲ್ಲೇ ನಿಂತು “ಸುಯಿನ್ಶಿ!” ಎಂದು ಕೂಗಿದ. ನಾವೆಲ್ಲ ಹೊರಗೆ ಬಂದೆವು. ತುರಾಪ್ ನಕ್ಕ.

“ನಗು, ನಗು. ನಿನ್ನ ನಾಯಿ ಬದುಕಿದೆ. ಸುಯಿನ್ಶಿ! ಬಿಚ್ಚು ಬೂಟು.”

ರೌಶಾನ್ ಗಂಟಿನೊಳಗೆ ಇಣುಕಿದಳು. “ಹೋಗಿದ್ದು ಒಂದಲ್ವಾ, ಮುದುಕಾ?”

“ಬಡ್ಡಿ ಸಮೇತ ತಂದಿದ್ದೀನಿ. ನನಗೇನು ಕೊಡ್ತೀಯ?”

“ಓಡಿಸಿದವನೂ ನೀನೇ, ಉಡುಗೊರೆನೂ ನಿನಗೇನಾ?”

“ಪದ್ಧತಿ ಅಂದ್ರೆ ಪದ್ಧತಿ ಕಣೆ.”

ಅವಳು ಒಳಗೆ ತಿರುಗಿ ನೋಡಿದಳು. ಗೂಟಗಳೆಲ್ಲ ಖಾಲಿ. ಚಳಿಗೆ ಅವನ ಕಿವಿಗಳು ಕೆಂಪಾಗಿದ್ದವು. ತನ್ನ ಹೆಗಲ ಮೇಲಿದ್ದ ದೊಡ್ಡ ಹೂವಿನ ಉಣ್ಣೆ ಶಾಲನ್ನು ತೆಗೆದು ಅವನ ತಲೆಗೆ ಸುತ್ತಿ, ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದಳು. ಬೆಕ್ಕಿನೊಂದಿಗೆ ಅವನನ್ನೂ ಒಳಗೆ ಕರೆದುಕೊಂಡಳು.

ಆ ಚಳಿಗಾಲ ಪೂರ್ತಿ ಅವನು ಅದನ್ನೇ ಸುತ್ತಿಕೊಂಡು ಜೊಂಡು ಕೊಯ್ದ. ದೂರದಿಂದ ಜನ, “ಅತ್ತಿಗೇ, ಚೆನ್ನಾಗಿದ್ದೀರಾ?” ಎಂದು ಕೂಗುತ್ತಿದ್ದರು. ಅವನು ಕುಡುಗೋಲು ಎತ್ತಿ, “ಚೆನ್ನಾಗಿದ್ದೀನಪ್ಪಾ, ಬೆಚ್ಚಗಿದ್ದೀನಿ” ಅನ್ನುತ್ತಿದ್ದ.